ಗೋಡೆಗೆ ತಟ್ಟಿದ ಬೀಜ

ನನ್ನ ಇಂಗ್ಲಿಷ್-ಕನ್ನಡ ನಿಘಂಟಿಗೆ ಒಂದು ಕೆಟ್ಟ ಅಭ್ಯಾಸವಿದೆ. ಯಾವ ಶಬ್ದ ಹುಡುಕಲು ಕೈಗೆತ್ತಿಕೊಂಡರೂ ಅದು ಮೊದಲು ಒಂದೇ ಪುಟಕ್ಕೆ ಹೋಗಿ ತೆರೆದುಕೊಳ್ಳುತ್ತದೆ. ಆ ಪುಟದಲ್ಲಿ 'ಪ್ರಿಸರ್ವ್' ಎಂಬ ಕ್ರಿಯಾಪದವಿದೆ. ಅದರ ಮಗ್ಗುಲಲ್ಲಿ, ಸಣ್ಣ ಕಾಗದದ ಮಡಿಕೆಯೊಳಗೆ, ಒಂದೇ ಒಂದು ಸೌತೆ ಬೀಜವಿದೆ. ಅಷ್ಟು ದಪ್ಪದ ಪುಸ್ತಕವನ್ನು ತೆರೆಸುವ ಶಕ್ತಿ ಬೀಜಕ್ಕೇನೂ ಇಲ್ಲ. ನಾನೇ ಮತ್ತೆ ಮತ್ತೆ ಅಲ್ಲಿಗೆ ಹೋಗಿ ಅದರ ಬೆನ್ನು ಮುರಿದಿದ್ದೇನೆ. ಬೀಜ ಸತ್ತು ಎಷ್ಟೋ ವರ್ಷವಾಯಿತು. ಕೊಂದವಳು ನಾನು.

ಹೀಗೆ ಹೇಳಿದರೆ ನೀವು ನಗಬಹುದು. ಒಂದು ಸೌತೆ ಬೀಜಕ್ಕೆ ಇಷ್ಟೆಲ್ಲ ಏಕೆ ಎನ್ನಬಹುದು. ನಾನೂ ಒಂದು ಕಾಲದಲ್ಲಿ ಹಾಗೆಯೇ ಅಂದುಕೊಂಡಿದ್ದೆ, ಅದಕ್ಕೇ ಈ ಕಥೆ ಹೇಳಬೇಕಾಗಿ ಬಂದಿದೆ.

ನಾನು ಶಿರಸಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವಳು. ಸಮಾನಾರ್ಥಕ ಶಬ್ದಗಳೆಂದರೆ ನನಗೆ ಭಾರೀ ಹುರುಪು. ಕರಿಹಲಗೆಯ ಮೇಲೆ ಕೀಪ್, ಸೇವ್, ಪ್ರಿಸರ್ವ್, ಕನ್ಸರ್ವ್, ಸ್ಟೋರ್ ಎಂದು ಒಂದರ ಕೆಳಗೊಂದು ಬರೆದು, ಪ್ರತಿಯೊಂದಕ್ಕೂ ಸ್ವಂತ ವಾಕ್ಯ ಮಾಡಿ ತನ್ನಿ ಎನ್ನುತ್ತಿದ್ದೆ. ಮಕ್ಕಳು ತರುತ್ತಿದ್ದ ವಾಕ್ಯಗಳನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ತಮ್ಮ ತಂದೆ ಕೊಟ್ಟಿಗೆಯಲ್ಲಿ ಆರು ಎಮ್ಮೆಗಳನ್ನು ಪ್ರಿಸರ್ವ್ ಮಾಡಿದ್ದಾರೆಂದು ಒಬ್ಬ ಬರೆದಿದ್ದ. ತನ್ನ ಅಜ್ಜ ಮಳೆಗಾಲದಲ್ಲಿ ಮಾತನ್ನು ಸೇವ್ ಮಾಡುತ್ತಾನೆಂದು ಒಬ್ಬಳು ಬರೆದಿದ್ದಳು. ಎರಡಕ್ಕೂ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದಿದ್ದೆ. ಆ ಅಜ್ಜನ ವಾಕ್ಯಕ್ಕೆ ಪೂರ್ತಿ ಅಂಕ ಕೊಡಬೇಕಿತ್ತು ಎಂದು ಈಗ ಅನಿಸುತ್ತದೆ.

ಒಂದು ವಸ್ತುವನ್ನು ಹಾಳಾಗದಂತೆ ಇಡುವುದು ಹೇಗೆ ಎಂಬುದರಲ್ಲಿ ನನ್ನ ತವರಿನವರೂ ಕಡಿಮೆಯವರಲ್ಲ. ಸಿದ್ದಾಪುರದ ನಮ್ಮ ಮನೆಯಲ್ಲಿ ಅಪ್ಪ ಬಂದ ಕಾಗದವನ್ನೆಲ್ಲ ಒಂದು ಬಾಗಿದ ತಂತಿಗೆ ಚುಚ್ಚಿ ತೊಲೆಗೆ ನೇತುಹಾಕುತ್ತಿದ್ದರು. ಮದುವೆಯ ಕರೆ, ಸಾವಿನ ಸುದ್ದಿ, ಲೈಟು ಬಿಲ್ಲು ಎಲ್ಲಕ್ಕೂ ಒಂದೇ ತೂತು. ಬೇಕಾದಾಗ ಒಂದೂ ಸಿಗುತ್ತಿರಲಿಲ್ಲ, ಆದರೆ ಕಳೆದುಹೋಗಿದೆ ಎಂದು ಅಪ್ಪ ಎಂದೂ ಒಪ್ಪಲಿಲ್ಲ. ಆಯಿಯ ಬಾಯಲ್ಲಂತೂ ಬರಿಯ 'ಇಡು' ಎಂಬ ಮಾತೇ ಇರಲಿಲ್ಲ. ಹಪ್ಪಳವಾದರೆ ಎತ್ತಿಡು, ಮೊಸರಿನಲ್ಲಿ ಒಂದು ಚಮಚ ಹೆಪ್ಪಿಗೆಂದು ತೆಗೆದಿಡು, ಕೆಂಡದ ಮೇಲೆ ಬೂದಿ ಎಳೆದು ಮುಚ್ಚಿಡು, ಮಗುವನ್ನು ನೋಡಿಕೊ, ನೆಂಟರೆದುರು ಮರ್ಯಾದೆ ಉಳಿಸು. ಈ ಮಾತುಗಳೆಲ್ಲ ಕಿವಿಯ ಮೇಲೆ ಬಿದ್ದೂ ಬಿದ್ದೂ ನಾನು ಅವನ್ನು ಕಲಿತಿದ್ದೇನೆಂದು ತಿಳಿದಿದ್ದೆ. ಇಂಗ್ಲಿಷಿನದಂತೂ ಹೇಗೂ ಬರುತ್ತಿತ್ತು.

ಮದುವೆಯಾಗಿ ಬಂದದ್ದು ಶಿರಸಿ ಪೇಟೆಯ ಒಂದು ಓಣಿಯ ಮನೆಗೆ. ಎದುರಿಗೆ ಹಿಟ್ಟಿನ ಗಿರಣಿ, ಹಿಂದೆ ನಾಲ್ಕು ಹೆಜ್ಜೆಯ ಹಿತ್ತಲು. ನಮ್ಮ ಅತ್ತೆ ವಜ್ರಳ್ಳಿಯ ಕಡೆಯವರು. ಅವರು ಮದುವೆಯಾಗಿ ಬರುವಾಗ ಅವರ ಆಯಿ ಸೀರೆಯ ಸೆರಗಿನ ತುದಿಗೆ ಒಂದು ಹಿಡಿ ಸೌತೆ ಬೀಜ ಕಟ್ಟಿ ಕಳಿಸಿದ್ದರಂತೆ. ಆ ಸೌತೆಯ ಕುತ್ತಿಗೆ ಸ್ವಲ್ಪ ಡೊಂಕು, ಮೈಮೇಲೆ ಬಿಳಿಯ ಗೆರೆ, ತೊಟ್ಟಿನ ಬುಡದವರೆಗೂ ಕಹಿಯಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಹಿತ್ತಲಲ್ಲಿ ಹಾಕಿದರೆ ಚೌತಿಯ ಹೊತ್ತಿಗೆ ಚಪ್ಪರದ ತುಂಬ ಕಾಯಿ. ಆ ಕಾಯಿ ತುರಿದು ಮಾಡುವ ತೆಳ್ಳೇವು ಎಂಬ ತೆಳು ದೋಸೆ ತಿಂದವರು ಮತ್ತೆ ಆ ದಾರಿಯಲ್ಲಿ ಬಂದರೆ ನಮ್ಮ ಮನೆಯ ಮೆಟ್ಟಿಲು ಹತ್ತದೆ ಹೋಗುತ್ತಿರಲಿಲ್ಲ.

ಬಳ್ಳಿಯಲ್ಲಿ ಮೊದಲು ಕಚ್ಚಿದ ಒಳ್ಳೆಯ ಕಾಯಿಗೆ ಅತ್ತೆ ಕೆಂಪು ಬಟ್ಟೆಯ ಚೂರು ಕಟ್ಟುತ್ತಿದ್ದರು. ಅದನ್ನು ಯಾರೂ ಮುಟ್ಟುವಂತಿಲ್ಲ. ಅದು ಹಳದಿಯಾಗಿ ಹಣ್ಣಾದ ಮೇಲೆ ಕೊಯ್ದು, ಬೀಜ ಬಿಡಿಸಿ, ಬೂದಿ ಮತ್ತು ಹಸಿ ಸಗಣಿಯಲ್ಲಿ ಕಲಸಿ, ಸಣ್ಣ ಸಣ್ಣ ಬಿಲ್ಲೆ ಮಾಡಿ ಅಡುಗೆಮನೆಯ ಗೋಡೆಗೆ ತಟ್ಟುತ್ತಿದ್ದರು. ಒಲೆಯ ಹೊಗೆ ತಾಗುವ ಜಾಗ ಅದು, ಹುಳು ಹತ್ತುವುದಿಲ್ಲ. ಒಂದೊಂದು ಬಿಲ್ಲೆಯನ್ನೂ ಹೆಬ್ಬೆರಳಿನಿಂದ ಒತ್ತಿ ಕೂರಿಸುತ್ತಿದ್ದುದರಿಂದ ಎಲ್ಲದರ ನಡುವೆ ಅವರ ಬೆರಳಿನ ಗುಳಿ ಇರುತ್ತಿತ್ತು. ಜೂನ್ ಬಂದಾಗ ಒಂದೊಂದೇ ಕಿತ್ತು, ಪುಡಿಮಾಡಿ, ಹಾಗೆಯೇ ಮಣ್ಣಿಗೆ ಹಾಕುವುದು. ಅದಕ್ಕೂ ಮೊದಲು ಕೇಳಿದವರಿಗೆಲ್ಲ ಒಂದೊಂದು ಬಿಲ್ಲೆ ಹೋಗುತ್ತಿತ್ತು. ಓಣಿಯ ನಾಲ್ಕಾರು ಮನೆಯವರು, ನಮ್ಮ ಮನೆಯವರ, ಅಂದರೆ ನನ್ನ ಗಂಡನ, ಚಿಕ್ಕಪ್ಪನ ಮಗಳು ವಾನಳ್ಳಿಯ ಸಾವಿತ್ರಿ, ಸಂತೆಯ ದಿನ ಬುಟ್ಟಿಯಲ್ಲಿ ಸೊಪ್ಪು ತರುತ್ತಿದ್ದ ಎಕ್ಕಂಬಿಯ ನೀಲವ್ವ. ಬೀಜದ ಮಾತು ಬಂದಲ್ಲಿ ಅತ್ತೆಯ ಹೆಸರು ಬರುತ್ತಿತ್ತು. ಅವರಿಗೆ ಬೇರೆ ಬಿರುದು ಬಾವಲಿ ಏನೂ ಇರಲಿಲ್ಲ, ಇದ್ದದ್ದು ಅದೊಂದೇ.

ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ನಮ್ಮ ಮಗನ ಉಪನಯನ ನಿಶ್ಚಯವಾಯಿತು. ಅತ್ತೆ ತವರಿನ ಕಡೆಯವರನ್ನು ಕರೆಯಲು ನಾಲ್ಕು ದಿನಕ್ಕೆಂದು ವಜ್ರಳ್ಳಿಗೆ ಹೋದರು. ನಮ್ಮ ಮನೆಯವರು ಅಡುಗೆಯವರನ್ನು ಗೊತ್ತುಮಾಡಲು, ಪಾತ್ರೆ ತರಲು ಊರೂರು ತಿರುಗುತ್ತಿದ್ದರು. ಮನೆಗೆ ಬಣ್ಣ ಹೊಡೆಸುವ ಕೆಲಸ ನನ್ನದು. ರಜೆಯ ದಿನ, ಮೈಯಲ್ಲಿ ಕಸುವು, ತಲೆಯಲ್ಲಿ ಸ್ವಲ್ಪ ಹೆಚ್ಚೇ ವಿದ್ಯೆ. ಅಡುಗೆಮನೆಯ ಮಸಿ ಹಿಡಿದ ಗೋಡೆಯ ಮೇಲೆ ಆ ಸಗಣಿ ಬಿಲ್ಲೆಗಳ ಸಾಲು ನೋಡಿದಾಗಲೆಲ್ಲ ಬರುವ ನೆಂಟರ ಮುಖ ಕಣ್ಣಿಗೆ ಕಟ್ಟುತ್ತಿತ್ತು. ಮರುದಿನ ಬಣ್ಣದವನು ಬರುವವನಿದ್ದ. ನಾನು ಹಳೆಯ ಕತ್ತಿಯೊಂದನ್ನು ಹಿಡಿದು ಅಷ್ಟನ್ನೂ ಕೆರೆದು ತೆಗೆದೆ.

ಎಸೆಯಲಿಲ್ಲ, ಅದನ್ನು ಹೇಳಿಬಿಡುತ್ತೇನೆ. ಎಸೆದಿದ್ದರೆ ಮೂರ್ಖಳು ಅನ್ನಿಸಿಕೊಂಡು ಪಾರಾಗುತ್ತಿದ್ದೆ. ನಾನು ಬುದ್ಧಿವಂತಿಕೆ ಮಾಡಿದೆ. ಬಿಲ್ಲೆಗಳನ್ನೆಲ್ಲ ಬಕೆಟ್ಟಿನಲ್ಲಿ ನೆನೆಹಾಕಿ, ಸಗಣಿ ಕರಗಿಸಿ, ಮೂರು ನೀರಿನಲ್ಲಿ ತೊಳೆದೆ. ಬೀಜ ಬೆಳ್ಳಗೆ ಮಿಂಚಿದವು. ವೈಶಾಖದ ಬಿಸಿಲಿಗೆ ಕಾದ ತಗಡಿನ ಮೇಲೆ ಹರವಿ ಮಧ್ಯಾಹ್ನವಿಡೀ ಒಣಗಿಸಿದೆ. ಸಂಜೆ ಬಿಸಿಯಿರುವಾಗಲೇ ಗಾಳಿಯಾಡದ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ಮೇಲೆ ಚೀಟಿ ಅಂಟಿಸಿ ಮುದ್ದಾದ ಅಕ್ಷರದಲ್ಲಿ 'ಸೌತೆ ಬೀಜ' ಎಂದು ಬರೆದೆ. ಅದರ ಕೆಳಗೆ ಇಂಗ್ಲಿಷಿನಲ್ಲೂ ಬರೆದೆ.

ಅತ್ತೆ ಬಂದಾಗ ಅಡುಗೆಮನೆ ತಿಳಿಹಳದಿಯಾಗಿತ್ತು. ಅವರು ಬಾಗಿಲಲ್ಲೇ ನಿಂತು ಒಲೆಯ ಮೇಲಿನ ಗೋಡೆಯನ್ನು ಒಂದು ಗಳಿಗೆ ನೋಡಿದರು.

"ಗೋಡೆ ಚೊಲೊ ಆಜು," ಎಂದು ಮೆಚ್ಚಿದರು. ಆಮೇಲೆ, "ಬೀಜ ಎಲ್ಲಿಟ್ಟೆ?"

"ಇಲ್ಲಿದ್ದು ಅತ್ತೆ. ತೊಳ್ದು ಒಣಗ್ಸಿ ಇಟ್ಟಿದ್ದೆ," ಎಂದು ನಾನು ಡಬ್ಬಿ ಮುಂದೆ ಮಾಡಿದೆ. ಭೇಷ್ ಎನ್ನುತ್ತಾರೆಂದು ಕಾದೆ.

ಅವರು ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. "ತೊಳದ್ಯನೆ?" ಎಂದು ಕೇಳಿದರು. ಅಷ್ಟೇ. ಡಬ್ಬಿಯನ್ನು ತೆಗೆದುಕೊಂಡು ಹೋಗಿ ದೇವರ ಗೂಡಿನ ಪಕ್ಕದಲ್ಲಿಟ್ಟರು.

ಉಪನಯನ ಚೆನ್ನಾಗಿಯೇ ಆಯಿತು. ಜೂನ್ ಬಂತು, ಅತ್ತೆ ಹಿತ್ತಲಲ್ಲಿ ಏರಿ ಮಾಡಿ ಬೀಜ ಹಾಕಿದರು. ನಾಲ್ಕು ದಿನಕ್ಕೆ ಎರಡೆಲೆ ಕಾಣಬೇಕಾದಲ್ಲಿ ಹತ್ತು ದಿನವಾದರೂ ಏನೂ ಕಾಣಲಿಲ್ಲ. ಒಂದು ಬೆಳಿಗ್ಗೆ ಅತ್ತೆ ಸ್ನಾನಕ್ಕೆ ಹೋದಾಗ ನಾನು ಕದ್ದು ಮಣ್ಣು ಕೆದಕಿ ನೋಡಿದೆ. ಬೀಜಗಳು ಮೆತ್ತಗಾಗಿ, ಬೆರಳು ತಾಗಿದರೆ ಕರಗುವ ಹಾಗಿದ್ದವು. ಡಬ್ಬಿಯ ತಳದಲ್ಲಿ ಒಂದು ಅಂಟಿಕೊಂಡು ಉಳಿದಿತ್ತು. ಅದನ್ನು ತಂದು ನಿಘಂಟಿನಲ್ಲಿಟ್ಟೆ. ಆ ಪುಟವನ್ನು ಆರಿಸಿದ್ದು ಬೇಕೆಂದೇ.

ಅದೇ ದಿನ ದೋಸೆ ತಿನ್ನುವಾಗ ನಮ್ಮ ಮನೆಯವರು, "ಈ ಸಲ ಸೌತೆ ಹಾಕಿದ್ದಿಲ್ಯ ಆಯಿ?" ಎಂದು ಕೇಳಿದರು. ನಾನು ಕಾವಲಿಯ ಮುಂದಿದ್ದೆ.

"ಬಣ್ಣ ಹೊಡಿಯ ಮೊದ್ಲು ಬೀಜ ತೆಗ್ದಿಡವು ಹೇಳದು ಯಂಗೇ ಮರ್ತೋತು ತಮಾ," ಎಂದು ಅತ್ತೆ ಮರೆವನ್ನು ತಮ್ಮ ಮೇಲೆಯೇ ಹಾಕಿಕೊಂಡರು. "ಉಪ್ನಯನದ ಗಡಿಬಿಡಿ. ವಯಸ್ಸೂ ಆತಲ."

ನಾನು ದೋಸೆ ಮಗುಚಿದೆ. ಅಲ್ಲ, ನಾನು ಮಾಡಿದ್ದು ಎನ್ನಲು ಎಷ್ಟು ಹೊತ್ತು ಬೇಕು? ಒಂದು ದೋಸೆ ಬೇಯುವಷ್ಟೂ ಬೇಡ. ಆದರೆ ನಾನು ಮಾತಾಡಲಿಲ್ಲ. ಮನೆಯವರ ಎದುರು, ಆಮೇಲೆ ಬೀಜ ಕೇಳಿಕೊಂಡು ಬಂದ ಓಣಿಯವರ ಎದುರು, ಅತ್ತೆ ಅದೇ ಮಾತು ಹೇಳುತ್ತ ಹೋದರು, ನಾನು ಅಲ್ಲೇ ನಿಂತು ಕೇಳುತ್ತ ಹೋದೆ. ಒಂದು ದಿನ ಸಾವಿತ್ರಿ ವಾನಳ್ಳಿಯಿಂದ ಬಂದವಳು, ಕಾಫಿ ಕುಡಿದು ಹೊರಡುವಾಗ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು. "ದೊಡ್ಡಾಯಿಗೆ ಮರೆವು ಬಂತು ಕಾಣ್ತು ಅತ್ಗೆ. ಬೀಜನೇ ಮರ್ತ್ರೆ ಇನ್ನೆಂತ ನೆನಪಿರ್ತು? ಚೂರು ನೋಡ್ಕ್ಯ." ಅವಳ ದನಿಯಲ್ಲಿ ಕನಿಕರವಿತ್ತು. ಆ ಕನಿಕರ ನನಗೆ ಚುಚ್ಚಿದಷ್ಟು ಯಾರ ಬೈಗುಳವೂ ಚುಚ್ಚಿಲ್ಲ.

ಬಾಯಿ ಬಿಡುವ ಧೈರ್ಯ ಇಲ್ಲದವರು ಕಾಲಿಗೆ ಕೆಲಸ ಕೊಡುತ್ತಾರೆ. ನಾನು ಬೀಜ ಹುಡುಕಲು ಹೊರಟೆ. ಶಾಲೆಯ ಕೆಲಸವೆಂದು ಸುಳ್ಳು ಹೇಳಿ ಯಲ್ಲಾಪುರದ ಬಸ್ಸು ಹತ್ತಿ ವಜ್ರಳ್ಳಿಗೆ ಹೋದೆ. ಅತ್ತೆಯ ತಮ್ಮನ ಹೆಂಡತಿ ಬಾಳೆಹಣ್ಣು ಕೊಟ್ಟು, "ಈಗ ಯಾರು ಗೋಡೆಗೆ ತಟ್ತ? ಪ್ಯಾಟೆಲಿ ಪ್ಯಾಕೆಟ್ ಸಿಕ್ತು," ಎಂದರು. ಅತ್ತೆಯ ತವರಿನಲ್ಲೇ ಆ ಬೀಜ ಮುಗಿದುಹೋಗಿತ್ತು. ವಾನಳ್ಳಿಯಲ್ಲಿ ಸಾವಿತ್ರಿಯ ಚಪ್ಪರದಲ್ಲಿ ಸೌತೆಯೇನೋ ಇತ್ತು, ಆದರೆ ಬೇರೆ ಜಾತಿಯ ಬಳ್ಳಿ ಪಕ್ಕದಲ್ಲಿದ್ದು ಬೆರಕೆಯಾಗಿತ್ತು. ಕುತ್ತಿಗೆ ನೆಟ್ಟಗೆ, ತೊಟ್ಟು ಕಹಿ. ಅಲ್ಲೂ ನಾನು ಏಕೆ ಬಂದೆ ಎಂದು ಹೇಳದೆ, ಒಂದು ಹೋಳು ತಿಂದು ಬಂದೆ.

ಉಳಿದವಳು ನೀಲವ್ವ. ಆ ಬೇಸಿಗೆಯಿಂದ ಮೊಣಕಾಲು ನೋವೆಂದು ಅವಳು ಸಂತೆಗೆ ಬರುವುದನ್ನು ಬಿಟ್ಟಿದ್ದಳು. ನವರಾತ್ರಿಗೆ ಮುಂಚಿನ ಒಂದು ಭಾನುವಾರ ಎಕ್ಕಂಬಿಗೆ ಹೋಗಿ, ಕೇಳಿಕೊಂಡು ಕೇಳಿಕೊಂಡು ಅವಳ ಮನೆ ಮುಟ್ಟಿದೆ. ಅಂಗಳದಲ್ಲಿ ಗೋವಿನಜೋಳದ ತೆನೆ ಸುಲಿಯುತ್ತ ಕೂತಿದ್ದಳು.

"ಬರ್ರಿ ಅಕ್ಕಾರ, ಕುಂದರ್ರಿ," ಎಂದಳು. ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. "ನೀವು ಬರ್ತೀರಿ ಅಂತ ಗೊತ್ತಿತ್ರಿ. ಯಾವಾಗ ಅಂತ ಅಷ್ಟ ಗೊತ್ತಿದ್ದಿಲ್ಲ."

ಬಾಗಿಲ ಪಕ್ಕದ ಮೂಲೆಯಿಂದ ಒಂದು ಹಣ್ಣು ಸೌತೆ ತಂದು ನನ್ನ ಮಡಿಲಲ್ಲಿಟ್ಟಳು. ಡೊಂಕು ಕುತ್ತಿಗೆ. ತೊಟ್ಟಿಗೆ ಕೆಂಪು ಬಟ್ಟೆಯ ಚೂರು.

"ಯಾರು ಹೇಳಿದ್ರು ನೀಲವ್ವ?"

ಅವಳು ಇನ್ನೊಂದು ತೆನೆ ಕೈಗೆತ್ತಿಕೊಂಡಳು. "ಹೇಳಬ್ಯಾಡ ಅಂದಿದ್ರು. ನನ್ನ ಬಾಯಾಗ ನಿಲ್ಲೂದಿಲ್ಲ ನೋಡ್ರಿ. ಅವ್ವಾರು ಬಂದಿದ್ರು, ಬಳ್ಳಿ ಇನ್ನ ನಾಕ ಎಲಿ ಇದ್ದಾಗ. ತಾವ ಈ ಬಟ್ಟಿ ಕೊಟ್ಟು, ಮೊದಲನೇ ಕಾಯಿಗೆ ಕಟ್ಟು ಅಂದ್ರು. ಸೊಸಿ ಒಂದಿನ ಬರ್ತಾಳ, ಆಕಿ ಕೈಯಾಗ ಕೊಡು ಅಂದ್ರು."

ನನಗೆ ನೆನಪಾಯಿತು. ಆಷಾಢದಲ್ಲೊಂದು ದಿನ ಅತ್ತೆ ದೇವಸ್ಥಾನಕ್ಕೆಂದು ಹೋದವರು ಸಂಜೆ ತೊಯ್ದು ತೊಪ್ಪೆಯಾಗಿ ಮನೆಗೆ ಬಂದಿದ್ದರು. ಬಿಸಿನೀರು ಕಾಯಿಸಿ ಕೊಟ್ಟವಳು ನಾನೇ.

"ಅಷ್ಟು ದೂರ ಬಂದವರು ತಾವೇ ಒಯ್ಯುತ್ತೇನೆ ಅನ್ನಬಹುದಿತ್ತಲ್ಲ?" ಎಂದೆ.

"ನಾನೂ ಹಂಗ ಅಂದೆ. ತಾವು ಒಯ್ದ್ರ ಬೀಜ ಅಷ್ಟ ಸಿಗತೈತಿ ಅಂದ್ರು. ನನಗೇನ ತಿಳೀಲಿಲ್ರಿ."

ನನಗೆ ತಿಳಿಯಿತು. ಅತ್ತೆಗೆ ಬೀಜದ ಜೊತೆಗೆ ಸೊಸೆಯೂ ಬೇಕಿತ್ತು. ನೀಲವ್ವನೆದುರು ಅಳಬಾರದೆಂದು ತುಂಬ ಪ್ರಯತ್ನಪಟ್ಟೆ, ಆಗಲಿಲ್ಲ. ಅವಳು ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದಿಟ್ಟು, ಏನನ್ನೂ ಕೇಳದೆ ಮತ್ತೆ ತೆನೆ ಹಿಡಿದಳು.

ಮನೆಗೆ ಬಂದಾಗ ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದರು. ಹಣ್ಣನ್ನು ಅವರ ಮುಂದಿಟ್ಟೆ. ಕೆಂಪು ಬಟ್ಟೆಯನ್ನು ಬೆರಳಲ್ಲಿ ಸವರಿ, "ಎಲ್ಲಿಂದ ತಂದ್ಯೆ ಕೂಸೆ?" ಎಂದು ಏನೂ ಅರಿಯದವರಂತೆ ಕೇಳಿದರು.

"ಎಕ್ಕಂಬಿಯಿಂದ."

"ಅಷ್ಟು ದೂರ ಹೋಗಿದ್ಯನೆ. ಉಂಡ್ಯ?"

ಉಂಡಿಲ್ಲ ಎಂದಷ್ಟೇ ಹೇಳಿದೆ. ಮರುದಿನ ಅವರು ಬೀಜ ಬಿಡಿಸಿ, ಬೂದಿ ಸಗಣಿ ಕಲಸಿ, ಬಿಲ್ಲೆ ಮಾಡಿ ನನ್ನ ಅಂಗೈಯಲ್ಲಿಟ್ಟು, "ನೀನೇ ತಟ್ಟು," ಎಂದರು. ತಿಳಿಹಳದಿ ಬಣ್ಣದ ಹೊಸ ಗೋಡೆಯ ಮೇಲೆ ನಾನು ಮೊದಲ ಬಿಲ್ಲೆ ತಟ್ಟಿದೆ. ಮೇಲಿನ ಸಾಲು ನನ್ನದು, ಕೆಳಗಿನದು ಅವರದು. ಅಂದಿನಿಂದ ಪ್ರತಿವರ್ಷ ಹಾಗೆಯೇ ನಡೆಯಿತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಶಾಲೆಗೆ ಕಂಪ್ಯೂಟರ್ ಬಂತು. ಕಲಿಸಲು ಬಂದ ಹುಡುಗಿ ಎರಡು ಸಾಲಿಗೊಮ್ಮೆ, "ಮೇಡಂ, ಸೇವ್ ಮಾಡಿ, ಕರೆಂಟ್ ಹೋಗ್ತದೆ," ಎನ್ನುತ್ತಿದ್ದಳು. ನಾನು ಒಂದು ಸಲ ಒತ್ತಬೇಕಾದಲ್ಲಿ ನಾಲ್ಕು ಸಲ ಒತ್ತುತ್ತಿದ್ದೆ. ಇದನ್ನು ಅತ್ತೆಗೆ ಹೇಳಿದಾಗ ಅವರು ಬಹಳ ಆಸಕ್ತಿಯಿಂದ ಕೇಳಿ, "ಒಂದ್ಸಲ ಒತ್ತಿಟ್ರೆ ಆತಾ? ವರ್ಷ ವರ್ಷ ಮತ್ತೆ ಹಾಕದು ಬೇಡದಾ?" ಎಂದರು. ಬೇಡ ಅತ್ತೆ, ಅದು ಹಾಗೆಯೇ ಇರುತ್ತದೆ ಎಂದೆ. ಅವರು ನಂಬಿದಂತೆ ಕಾಣಲಿಲ್ಲ. ಇಷ್ಟೆಲ್ಲ ಮಾತಾಡುತ್ತಿದ್ದೆವು, ಆದರೆ ಆ ಒಂದು ಮಾತು ಮಾತ್ರ ಬರಲಿಲ್ಲ. ನಾಳೆ ಹೇಳಿದರಾಯಿತು, ಎಲ್ಲರೂ ಸೇರಿದಾಗ ಹೇಳಿದರಾಯಿತು ಎಂದು ನಾನು ದಿನ ದೂಡುತ್ತ ಬಂದೆ. ಎಲ್ಲರೂ ಸೇರಿದಾಗಲೆಲ್ಲ ಯಾರಾದರೊಬ್ಬರು ಆ ಮರೆವಿನ ವರ್ಷದ ಮಾತೆತ್ತುತ್ತಿದ್ದರು, ಅತ್ತೆ ಹೌದೆಂದು ತಲೆಯಾಡಿಸುತ್ತಿದ್ದರು.

ಒಂದು ಫಾಲ್ಗುಣದಲ್ಲಿ ಅತ್ತೆ ಮೂರೇ ದಿನದ ಜ್ವರದಲ್ಲಿ ಹೋಗಿಬಿಟ್ಟರು. ಆ ವರ್ಷದ ಬಿಲ್ಲೆಗಳು ಗೋಡೆಯ ಮೇಲೆಯೇ ಇದ್ದವು. ವಯಸ್ಸಾದ ಅತ್ತೆಯ ಕೈಯಲ್ಲಿ ಕೆಳಗಿನ ಸಾಲು ಸ್ವಲ್ಪ ಸೊಟ್ಟಗಾಗಿತ್ತು. ಹನ್ನೆರಡು ದಿನವೂ ಅಡುಗೆಮನೆಗೆ ಹೋದಾಗಲೆಲ್ಲ ಆ ಬೆರಳಿನ ಗುಳಿಗಳನ್ನು ನೋಡುತ್ತಿದ್ದೆ. ಆ ಸಾಲನ್ನು ಇನ್ನು ಯಾರಿಗೂ ಮುಟ್ಟಗೊಡುವುದಿಲ್ಲ, ನಾನಿರುವವರೆಗೂ ಅದು ಅಲ್ಲೇ ಇರಲಿ ಎಂದು ನಿಶ್ಚಯಿಸಿದೆ. ಮನೆಯವರಿಗೂ ಹೇಳಿಟ್ಟೆ.

ಹದಿಮೂರನೆಯ ದಿನ ಊಟದ ಪಂಕ್ತಿಯಲ್ಲಿ ಹೆಂಗಸರೆಲ್ಲ ಕೂತಿದ್ದರು. ನಾನು ಬಡಿಸುತ್ತಿದ್ದೆ. ಸತ್ತವರನ್ನು ಹೊಗಳುವ ಹೊತ್ತು ಅದು. ಸಾವಿತ್ರಿ ಕಣ್ಣೊರೆಸಿಕೊಂಡು, "ದೊಡ್ಡಾಯಿ ಒಂದೂ ಮರೆಯ ಮನ್ಷಿ ಅಲ್ಲಾಗಿತ್ತು. ಆ ಉಪ್ನಯನದ ವರ್ಷ ಒಂದು ಬೀಜ ಮರ್ತಿದ್ದು ಬಿಟ್ರೆ," ಎಂದಳು. ನಾಲ್ಕಾರು ಜನ ಹೌದು ಹೌದು ಎಂದರು. ತಲೆಯಾಡಿಸಲು ಅತ್ತೆ ಇರಲಿಲ್ಲ.

ನಾನು ಸಾರಿನ ಪಾತ್ರೆಯನ್ನು ಕೆಳಗಿಟ್ಟೆ.

"ಅತ್ತೆ ಮರ್ತಿದ್ದಿಲ್ಲೆ," ಎಂದೆ. "ಬೀಜ ಹಾಳು ಮಾಡಿದ್ದು ಆನು. ಗೋಡೆಯಿಂದ ಕೆರೆದು, ತೊಳ್ದು, ಬಿಸಿಲಿಗೆ ಹಾಕಿ, ಡಬ್ಬಿಲಿ ಮುಚ್ಚಿಟ್ಟು ಕೊಂದಿದ್ದು ಆನು. ಯನ್ನ ಮರ್ಯಾದೆ ಉಳ್ಸೂಲೆ ಅತ್ತೆ ತನ್ನ ಹೆಸ್ರು ಕೆಡಿಸ್ಕಂಡ್ತು. ಆನು ಬಾಯಿ ಬಿಟ್ಟಿದ್ದಿಲ್ಲೆ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮನೆಯವರು ನನ್ನನ್ನೇ ನೋಡಿ, ಆಮೇಲೆ ಒಲೆಯ ಮೇಲಿನ ಗೋಡೆಯನ್ನು ನೋಡಿದರು. ಅಷ್ಟು ವರ್ಷದಲ್ಲಿ ಅವರು ಆ ಗೋಡೆಯನ್ನು ನೆಟ್ಟಗೆ ನೋಡಿದ್ದು ಅದೇ ಮೊದಲಿರಬೇಕು. ಯಾರೂ ನನ್ನನ್ನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನಾನು ಪಾತ್ರೆ ಎತ್ತಿಕೊಂಡು ಉಳಿದವರಿಗೆ ಸಾರು ಬಡಿಸಿದೆ.

ಹೊರಡುವ ಹೊತ್ತಿಗೆ ಸಾವಿತ್ರಿ ಅಡುಗೆಮನೆಗೆ ಬಂದಳು. ಗೋಡೆಯ ಎದುರು ನಿಂತಳು. ಅವಳ ಚಪ್ಪರದ ಸೌತೆ ಕಹಿಯಾಗಿ ಎಷ್ಟು ವರ್ಷವಾಗಿತ್ತೋ, ನಾನೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

"ಯಂಗೊಂದು ಕೊಡು ಅತ್ಗೆ. ಈ ಮಳೆಗಾಲಕ್ಕೆ ಹಾಕ್ತೆ," ಎಂದಳು.

ನನ್ನ ಕೈ ಮೊದಲು ಹೋದದ್ದು ಮೇಲಿನ ಸಾಲಿಗೆ, ನಾನು ತಟ್ಟಿದ್ದಕ್ಕೆ. ಅಲ್ಲೇ ನಿಂತಿತು. ಕೆಳಗಿನ ಸಾಲನ್ನು ಹಾಗೆಯೇ ಬಿಟ್ಟರೆ ಬೀಜ ಬದುಕುವುದು ಎರಡು ಮಳೆಗಾಲ, ಹೆಚ್ಚೆಂದರೆ ಮೂರು. ಆಮೇಲೆ ಬೆರಳ ಗುರುತೊಂದು ಉಳಿದು ಒಳಗಿನದು ಸತ್ತಿರುತ್ತದೆ. ಅಂಥದೊಂದು ನನ್ನ ನಿಘಂಟಿನಲ್ಲಿ ಆಗಲೇ ಇತ್ತು.

ಅತ್ತೆಯ ಸಾಲಿನ ಒಂದು ಬಿಲ್ಲೆಯನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ ಸಾವಿತ್ರಿಯ ಅಂಗೈಯಲ್ಲಿಟ್ಟೆ. ಅವಳು ಆ ಬೆರಳಿನ ಗುಳಿಯಲ್ಲಿ ತನ್ನ ಹೆಬ್ಬೆರಳನ್ನು ಒಮ್ಮೆ ಇಟ್ಟು ನೋಡಿ, ಸೆರಗಿನ ತುದಿಗೆ ಕಟ್ಟಿಕೊಂಡಳು.

"ತೊಳ್ಯಡ," ಎಂದೆ. "ಹಾಂಗೇ ಮಣ್ಣಿಗೆ ಹಾಕು."